ಸರ್ಕಾರದ ರೊಕ್ಕ ನಿಮ್ಮ ಕೈಗೆ ಬರೋ ದಾರಿ: ಎಲ್ಲಿ ಟೆಂಡರ್, ಎಲ್ಲಿ ಕರಾರು, ಯಾರನ್ನ ಕೇಳಬೇಕು?

"ಪಿಎಂ ಕಿಸಾನ್ ಕಂತು ಬಂತೇನ್ರಿ?" "ಬೆಳೆ ಪರಿಹಾರ ಯಾರಿಗೆ ಜಮಾ ಆತು?" "ಅವ್ವನ ಪಗಾರ ಈ ತಿಂಗಳ ಯಾಕ ಬಂದಿಲ್ಲ?" ಮುಳಗುಂದ, ನೀಲಗುಂದ, ಚಿಂಚಲಿ ಕಡೆ ಯಾವ ಕಟ್ಟಿಗೆ ಹೋಗಿ ಕುಂತರೂ ಈ ಮೂರು ಪ್ರಶ್ನೆ ಕಿವಿಗೆ ಬೀಳುತ್ತವೆ. ಉತ್ತರ ಮಾತ್ರ ಸಿಗೋದಿಲ್ಲ. ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಹೋಗ್ರಿ ಅಂತಾರೆ, ತಾಲ್ಲೂಕು ಕಚೇರಿಯವರು ಬ್ಯಾಂಕಿಗೆ ಹೋಗ್ರಿ ಅಂತಾರೆ. ಗದಗಿಗೆ ಎರಡು ಸಲ ಬಸ್ಸು ಹತ್ತಿ ಇಳಿಯೋದರಾಗ ಒಂದು ದಿನದ ಕೂಲಿ ಹೋಗಿರುತ್ತದೆ.

ಈ ವಾರ ಬೀಜ, ಗೊಬ್ಬರ, ಔಷಧದ ಮಾತು ಬಿಟ್ಟು ಈ ವಿಷಯ ತಗೊಂಡೀವಿ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಹಣ ಬಿಡುಗಡೆ ಆದ ಮೇಲೆ ಅದು ನಿಮ್ಮ ಕೈ ಸೇರುವ ತನಕ ನಡುವೆ ಹಲವು ಸಂಸ್ಥೆಗಳು ಇರುತ್ತವೆ. ಒಬ್ಬೊಬ್ಬರೂ ಒಂದೊಂದು ನಿಯಮ ಅಥವಾ ಕರಾರಿನ ಮೇಲೆ ಕೆಲಸ ಮಾಡುತ್ತಾರೆ. ಆ ಕರಾರಿನಲ್ಲಿ ಏನು ಬರೆದಿದೆ ಅಂತ ತಿಳಿದರೆ ಎರಡು ಲಾಭ. ರೊಕ್ಕ ಎಲ್ಲಿ ನಿಂತಿದೆ, ಯಾರನ್ನ ಕೇಳಬೇಕು ಅನ್ನೋದು ಗೊತ್ತಾಗುತ್ತದೆ. ಕೊಡಬೇಕಿಲ್ಲದ ರೊಕ್ಕ ಕೊಡೋದು ನಿಲ್ಲುತ್ತದೆ.

ರೊಕ್ಕ ಯಾವ ದಾರಿಯಲ್ಲಿ ಬರುತ್ತದೆ?

ಪಿಎಂ ಕಿಸಾನ್, ಬೆಳೆ ಹಾನಿ ಪರಿಹಾರ, ವೃದ್ಧಾಪ್ಯ ಮತ್ತು ವಿಧವಾ ಪಗಾರ, ಗೃಹಲಕ್ಷ್ಮಿ ಇವೆಲ್ಲ ಬೇರೆ ಬೇರೆ ಯೋಜನೆ. ಆದರೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತವೆ.

1. ಇಲಾಖೆ: ಯಾರಿಗೆ ಎಷ್ಟು ಅನ್ನೋ ಪಟ್ಟಿ ಮಾಡುತ್ತದೆ. ಬೆಳೆ ಪರಿಹಾರಕ್ಕೆ ಕಂದಾಯ ಇಲಾಖೆ, ಪಿಎಂ ಕಿಸಾನ್‌ಗೆ ಕೃಷಿ ಇಲಾಖೆ, ಪಗಾರಕ್ಕೆ ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ವಿಭಾಗ, ಗೃಹಲಕ್ಷ್ಮಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ.

2. ಖಜಾನೆ: ಪಟ್ಟಿ ನೋಡಿ ರೊಕ್ಕ ಬಿಡುಗಡೆ ಮಾಡುತ್ತದೆ. ರಾಜ್ಯದ್ದಾದರೆ ಖಜಾನೆ-2 ವ್ಯವಸ್ಥೆಯ ಮೂಲಕ.

3. ಎನ್‌ಪಿಸಿಐ: ನಿಮ್ಮ ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿ ರೊಕ್ಕವನ್ನು ಆ ಬ್ಯಾಂಕಿಗೆ ಕಳಿಸುತ್ತದೆ. ಇಲ್ಲಿ ಖಾತೆ ನಂಬರ್ ನೋಡೋದಿಲ್ಲ, ಆಧಾರ್ ನೋಡುತ್ತಾರೆ.

4. ನಿಮ್ಮ ಬ್ಯಾಂಕು: ಬಂದ ರೊಕ್ಕವನ್ನು ಖಾತೆಗೆ ಜಮಾ ಮಾಡುತ್ತದೆ.

5. ಬ್ಯಾಂಕ್ ಮಿತ್ರ ಅಥವಾ ಪೋಸ್ಟ್‌ಮನ್: ಊರೊಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು ನಗದು ಕೊಡುತ್ತಾರೆ.

ಜನ ಹೆಚ್ಚು ಎಡವೋದು ಮೂರನೇ ಕೊಂಡಿಯಲ್ಲಿ. "ನಾನು ಬ್ಯಾಂಕಿಗೆ ಆಧಾರ್ ಕೊಟ್ಟೀನ್ರಿ, ಲಿಂಕ್ ಆಗೇತಿ" ಅಂತಾರೆ. ನಾಲ್ಕು ಬ್ಯಾಂಕಿಗೆ ಆಧಾರ್ ಕೊಟ್ಟಿರಬಹುದು. ಆದರೆ ಸರ್ಕಾರದ ರೊಕ್ಕ ಬರೋದು ಎನ್‌ಪಿಸಿಐ ಪಟ್ಟಿಯಲ್ಲಿ ಇರುವ ಒಂದೇ ಬ್ಯಾಂಕಿಗೆ. ಕೊನೆಗೆ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಿರೋ ಆ ಬ್ಯಾಂಕೇ ಸಾಮಾನ್ಯವಾಗಿ ಅಲ್ಲಿ ಇರುತ್ತದೆ. ಮರೆತುಹೋದ ಯಾವುದೋ ಹಳೇ ಖಾತೆಗೆ ರೊಕ್ಕ ಹೋಗಿ ಕುಂತಿರೋದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ನಮ್ಮ ಭಾಗದ ಎಷ್ಟೋ ರೈತರ ಖಾತೆ ಇದ್ದದ್ದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ. 2025ರ ಮೇ 1ರಿಂದ ಅದು ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಅದಕ್ಕೂ ಮೊದಲು, 2020ರ ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು. ಹಳೇ ಪಾಸ್‌ಬುಕ್ ಇಟ್ಟುಕೊಂಡಿರುವವರು ಒಮ್ಮೆ ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಆಧಾರ್ ಜೋಡಣೆ ಸರಿ ಇದೆಯಾ ಅಂತ ಕೇಳಿಬಿಡ್ರಿ.

ಅಕ್ಕಿ ಸಿಗಲಿಲ್ಲ, ರೊಕ್ಕ ಬಂತು

ಸರ್ಕಾರದ ಖರೀದಿಗೂ ನಿಮ್ಮ ಖಾತೆಗೂ ಏನು ಸಂಬಂಧ ಅನ್ನೋರಿಗೆ 2023ರ ಅನ್ನಭಾಗ್ಯವೇ ದೊಡ್ಡ ಉದಾಹರಣೆ.

ಆಗ ರಾಜ್ಯ ಸರ್ಕಾರ ತಲಾ 5 ಕೆಜಿ ಹೆಚ್ಚುವರಿ ಅಕ್ಕಿ ಕೊಡ್ತೀವಿ ಅಂತ ಹೇಳಿತ್ತು. ಭಾರತ ಆಹಾರ ನಿಗಮದಿಂದ ಕೆಜಿಗೆ 34 ರೂ. ದರದಲ್ಲಿ ಕೊಳ್ಳುವ ಲೆಕ್ಕ ಇತ್ತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರೋದನ್ನು ನಿಲ್ಲಿಸಿತು. ಬೇರೆ ಸಂಸ್ಥೆಗಳನ್ನು ಕೇಳಿದರೂ ದರ, ಪ್ರಮಾಣ ಹೊಂದಲಿಲ್ಲ. ಕೊನೆಗೆ ಅಕ್ಕಿ ಬದಲು ಅದೇ 34 ರೂ. ಲೆಕ್ಕದಲ್ಲಿ ತಲಾ 170 ರೂ. ಖಾತೆಗೆ ಹಾಕುವುದು ಅಂತ ತೀರ್ಮಾನ ಆಗಿ, 2023ರ ಜುಲೈ 10ರಂದು ಚಾಲನೆ ಸಿಕ್ಕಿತು.

ಅಕ್ಕಿ ಆಗಿದ್ದರೆ ನ್ಯಾಯಬೆಲೆ ಅಂಗಡಿಗೆ ಹೋದವರಿಗೆಲ್ಲ ಸಿಗುತ್ತಿತ್ತು. ರೊಕ್ಕ ಆದಾಗ ಕುಟುಂಬದ ಮುಖ್ಯಸ್ಥರ ಖಾತೆ ಆಧಾರ್‌ಗೆ ಜೋಡಣೆ ಆಗಿರಲೇಬೇಕಾಯಿತು. ಆಗ ಸರ್ಕಾರವೇ ಹೇಳಿದ ಲೆಕ್ಕದಂತೆ 1.28 ಕೋಟಿ ಕಾರ್ಡುಗಳಲ್ಲಿ ಆಧಾರ್ ಜೋಡಣೆಯಾದ ಚಾಲ್ತಿ ಖಾತೆ ಇದ್ದದ್ದು ಸುಮಾರು 1.06 ಕೋಟಿ ಕಾರ್ಡುಗಳಿಗೆ. ಉಳಿದವರು ಮೊದಲ ಕಂತಿಗೆ ಕಾಯಬೇಕಾಯಿತು. ಖರೀದಿ ಆಗದೆ ಹೋದದ್ದರ ಭಾರ ಬಂದು ಬಿದ್ದದ್ದು ಖಾತೆ ಸರಿ ಇಲ್ಲದ ಮನೆಗಳ ಮೇಲೆ. 2025ರ ಫೆಬ್ರುವರಿಯಿಂದ ಮತ್ತೆ ಹಣದ ಬದಲು ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಆದರೆ ಪಾಠ ಉಳಿದಿದೆ: ಯೋಜನೆ ಯಾವುದೇ ಇರಲಿ, ಯಾವಾಗ ಬೇಕಾದರೂ ವಸ್ತು ರೊಕ್ಕ ಆಗಬಹುದು. ಖಾತೆ ಸರಿ ಇಟ್ಟುಕೊಂಡಿರಬೇಕು.

ಟೆಂಡರ್ ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕದಲ್ಲಿ ಸರ್ಕಾರಿ ಕಚೇರಿ, ನಿಗಮ, ಪಟ್ಟಣ ಪಂಚಾಯ್ತಿ ಯಾವುದೇ ಇರಲಿ, ಸಾಮಾನು ಕೊಳ್ಳಲು, ಕೆಲಸ ಮಾಡಿಸಲು, ಸೇವೆ ಪಡೆಯಲು ಒಂದು ಮಿತಿ ದಾಟಿದರೆ ಟೆಂಡರ್ ಕರೆಯಬೇಕು. ಇದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಜನ ಇದನ್ನು ಕೆಟಿಪಿಪಿ ಕಾಯ್ದೆ ಅಂತಾರೆ. 2000ನೇ ಇಸವಿಯಿಂದ ಜಾರಿಯಲ್ಲಿದೆ. ಸಾಫ್ಟ್‌ವೇರ್ ಮಾಡಿಸೋದು, ಅರ್ಜಿ ತುಂಬಿಸೋಕೆ ಏಜೆನ್ಸಿ ಗೊತ್ತುಮಾಡೋದು, ಸಿಬ್ಬಂದಿಯನ್ನು ಹೊರಗುತ್ತಿಗೆ ಮೇಲೆ ತಗೊಳ್ಳೋದು ಇವೆಲ್ಲ ಇದರಡಿ ಬರುತ್ತವೆ.

ಕಾಯ್ದೆಯಲ್ಲೇ ಕೆಲವು ವಿನಾಯ್ತಿ ಇವೆ. ನೈಸರ್ಗಿಕ ವಿಕೋಪ, ತುರ್ತು ಪರಿಸ್ಥಿತಿಯ ಖರೀದಿಗೆ 4(ಎ). ಸರ್ಕಾರ ಅಧಿಸೂಚನೆ ಹೊರಡಿಸಿ ಇಂಥ ಕೆಲಸಕ್ಕೆ ಟೆಂಡರ್ ಬೇಡ ಅಂತ ಹೇಳಬಹುದು, ಅದು 4(ಜಿ). ಪತ್ರಿಕೆಯಲ್ಲಿ "4ಜಿ ವಿನಾಯ್ತಿ" ಅಂತ ಓದಿದರೆ ಅದು ಮೊಬೈಲ್ ಮಾತಲ್ಲ, ಇದೇ ಕಲಮು. ವಿನಾಯ್ತಿ ತಪ್ಪಲ್ಲ, ಆದರೆ ಅದಕ್ಕೂ ಬರೆದ ಆದೇಶ ಇರಬೇಕು, ಕಾರಣ ಇರಬೇಕು. ಟೆಂಡರ್‌ಗಳನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಹಾಕಿರುತ್ತಾರೆ. ಮೊಬೈಲ್ ಬಲ್ಲ ಹುಡುಗರು ಊರಿನ ಹೆಸರು, ಇಲಾಖೆ ಹೆಸರು ಹಾಕಿ ಹುಡುಕಿ ನೋಡಬಹುದು.

ಬ್ಯಾಂಕುಗಳ ಕತೆ ಬೇರೆ. ಅವು ಊರೂರಿಗೆ ಬ್ಯಾಂಕ್ ಮಿತ್ರರನ್ನು ಇಡಲು ಸಾಮಾನ್ಯವಾಗಿ ಒಂದು ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತವೆ. ಆ ಕಂಪನಿ ಊರಿನ ಹುಡುಗನನ್ನೋ ಹೆಣ್ಣುಮಗಳನ್ನೋ ನೇಮಿಸುತ್ತದೆ. ಇಂಥ ಒಪ್ಪಂದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಅನ್ವಯಿಸುತ್ತದೆ.

ಹೆಬ್ಬೆಟ್ಟು ಒತ್ತಿಸೋರಿಗೆ ಪಗಾರ ಯಾರು ಕೊಡ್ತಾರ?

ನಮ್ಮ ಹಿರಿಯರಿಗೆ ನೆನಪಿದೆ, ಮೊದಲು ಪಗಾರ ಮನಿ ಆರ್ಡರ್‌ನಲ್ಲಿ ಬರುತ್ತಿತ್ತು. ಮನಿ ಆರ್ಡರ್ ಕಮಿಷನ್ನು 100 ರೂ.ಗೆ 5 ರೂ. ಅದನ್ನು ಅಂಚೆ ಇಲಾಖೆಗೆ ಕಟ್ಟುತ್ತಿದ್ದದ್ದು ಸರ್ಕಾರ. ಮುದುಕಿಗೆ ಪೂರಾ ರೊಕ್ಕ ಸಿಗಬೇಕಾಗಿತ್ತು. ಆದರೂ "ಚಹಾಕ್ಕ" ಅಂತ ಹತ್ತೋ ಇಪ್ಪತ್ತೋ ಮುರಕೊಳ್ಳೋ ರೂಢಿ ಎಷ್ಟೋ ಊರಾಗ ಇತ್ತು.

ಪಕ್ಕದ ಆಂಧ್ರಪ್ರದೇಶದಲ್ಲಿ (ಆಗ ತೆಲಂಗಾಣ ಬೇರೆ ಆಗಿರಲಿಲ್ಲ) ಇನ್ನೊಂದು ಪ್ರಯೋಗ ಮಾಡಿದರು. ಉದ್ಯೋಗ ಖಾತ್ರಿ ಕೂಲಿ ಮತ್ತು ಪಿಂಚಣಿಯನ್ನು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೊಡುವ ಕೆಲಸವನ್ನು ಬ್ಯಾಂಕುಗಳಿಗೆ ವಹಿಸಿ, ಹಂಚಿದ ಮೊತ್ತದ ಮೇಲೆ ನೂರಕ್ಕೆ 2 ರೂ. ಕಮಿಷನ್ ಕೊಟ್ಟರು. ರೊಕ್ಕ ಕೊಡೋರು ಅದೇ ಊರಿನ ಹೆಣ್ಣುಮಕ್ಕಳು, ಹೆಚ್ಚಾಗಿ ಸ್ವಸಹಾಯ ಸಂಘದವರು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಾಂಕರ್ ಅನ್ನೋ ಅರ್ಥಶಾಸ್ತ್ರಜ್ಞರು 8 ಜಿಲ್ಲೆಗಳಲ್ಲಿ ಇದನ್ನು ಅಳೆದು ನೋಡಿ 2016ರಲ್ಲಿ ಪ್ರಕಟಿಸಿದರು. ಕೂಲಿ ಬೇಗ ಸಿಕ್ಕಿತು, ನಡುವೆ ಸೋರಿಹೋಗುವ ರೊಕ್ಕ ಉದ್ಯೋಗ ಖಾತ್ರಿಯಲ್ಲಿ ಸುಮಾರು 41 ಪ್ರತಿಶತ ಕಡಿಮೆ ಆಯಿತು. ಯಂತ್ರದ ಜೊತೆಗೆ ಕೊಡೋರು ಊರೊಳಗೇ ಇದ್ದದ್ದು, ಅವರ ಖರ್ಚನ್ನು ಸರ್ಕಾರವೇ ಭರಿಸಿದ್ದು ಆ ವ್ಯವಸ್ಥೆಯ ಭಾಗವಾಗಿತ್ತು.

ಈಗ ನಮ್ಮಲ್ಲಿ ಏನಿದೆ? ರಿಸರ್ವ್ ಬ್ಯಾಂಕು 2006ರಲ್ಲಿ ಬ್ಯಾಂಕ್ ಮಿತ್ರ ಪದ್ಧತಿಗೆ ಅನುಮತಿ ಕೊಟ್ಟಿತು. ಅದರ ನಿಯಮದಲ್ಲಿ ಎರಡು ಮಾತು ನೆನಪಿಟ್ಟುಕೊಳ್ರಿ.

ಒಂದು, ಬ್ಯಾಂಕ್ ಮಿತ್ರ ಗ್ರಾಹಕರಿಂದ ನೇರವಾಗಿ ಯಾವ ಶುಲ್ಕವನ್ನೂ ತಗೊಳ್ಳಬಾರದು ಅಂತ ಬ್ಯಾಂಕು ಮತ್ತು ಏಜೆಂಟರ ಒಪ್ಪಂದದಲ್ಲೇ ಬರೆದಿರಬೇಕು. ಬ್ಯಾಂಕಿಗೆ ಶುಲ್ಕ ಬೇಕಾದರೆ ಖಾತೆಯಿಂದ ಮುರಿಯಬೇಕು, ಅದು ಪಾಸ್‌ಬುಕ್‌ನಲ್ಲಿ ಕಾಣಬೇಕು. ಟೇಬಲ್ ಮೇಲೆ ನಗದಾಗಿ ಮುರಕೊಳ್ಳುವಂತಿಲ್ಲ.

ಎರಡು, ಏಜೆಂಟ್ ಏನೇ ತಪ್ಪು ಮಾಡಿದರೂ ಹೊಣೆ ಬ್ಯಾಂಕಿನದು. "ಅಂವ ನಮ್ಮಾಂವ ಅಲ್ಲ, ಕಂಪನಿಯಾಂವ" ಅಂತ ಶಾಖೆಯವರು ಕೈ ತೊಳಕೊಳ್ಳುವಂತಿಲ್ಲ.

ಹಂಗಾರ ಬ್ಯಾಂಕ್ ಮಿತ್ರನ ಹೊಟ್ಟೆಪಾಡು? ನಿಮ್ಮ ಖಾತೆ ಒಂದು ಬ್ಯಾಂಕಿನದು, ಯಂತ್ರ ಇನ್ನೊಂದು ಬ್ಯಾಂಕಿನದು ಇದ್ದಾಗ ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ತೆಗೆದ ಹಣದ ಮೇಲೆ ನೂರಕ್ಕೆ ಅರ್ಧ ರೂಪಾಯಿ, ಹೆಚ್ಚೆಂದರೆ 15 ರೂ. ಕೊಡುತ್ತದೆ. ಪಿಎಂ ಕಿಸಾನ್‌ನ 2000 ರೂ. ತೆಗೆದರೆ 10 ರೂ. ಆಯಿತು. ಆ ಹತ್ತರಲ್ಲಿ ಬ್ಯಾಂಕಿಗೆ ಪಾಲು, ಕಂಪನಿಗೆ ಪಾಲು, ಉಳಿದದ್ದು ಊರಿನ ಹುಡುಗನಿಗೆ. ಅಂವಗ ಸಿಗೋದು ಕಡಿಮೆ ಅನ್ನೋದು ಖರೆ. ನೆಟ್‌ವರ್ಕ್ ಇಲ್ಲದ ಕಡೆ ದಿನವೆಲ್ಲ ಕುಂತರೂ ನಾಲ್ಕು ಮಂದಿ ಆಗೋದಿಲ್ಲ. ಅದು ಸರಿ ಆಗಬೇಕಾದದ್ದು ಬ್ಯಾಂಕು ಮತ್ತು ಕಂಪನಿ ನಡುವಿನ ಕರಾರಿನಲ್ಲಿ, ವಿಧವಾ ಪಗಾರ ತಗೊಳ್ಳೋ ಹೆಣ್ಣುಮಗಳ ಕೈಯಾಗ ಅಲ್ಲ.

ಅರ್ಜಿ ಹಾಕೋ ಕೇಂದ್ರಗಳಿಗೂ ಇದೇ ಲೆಕ್ಕ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಅರ್ಜಿ ಉಚಿತ, ಕೇಂದ್ರಗಳಿಗೆ ಸರ್ಕಾರವೇ ಕೊಡುತ್ತದೆ ಅಂತ ಸ್ಪಷ್ಟವಾಗಿ ಹೇಳಿದ್ದರು. ಬೇರೆ ಕೆಲವು ಸೇವೆಗೆ ಗೊತ್ತುಪಡಿಸಿದ ಶುಲ್ಕ ಇರುತ್ತದೆ. ದರಪಟ್ಟಿ ಗೋಡೆ ಮೇಲೆ ಇರಬೇಕು, ರಸೀದಿ ಕೊಡಬೇಕು. ಎರಡೂ ಇಲ್ಲ ಅಂದ್ರೆ ಕೇಳ್ರಿ.

ಪರಿಹಾರದ ರೊಕ್ಕ ಸಾಲಕ್ಕೆ ಹಿಡಿದರೆ?

ನಾಲ್ಕನೇ ಕೊಂಡಿಯ ದೊಡ್ಡ ಗೋಳು ಇದು. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮೊದಲು 2000 ರೂ. ತನಕ ಒಂದು ಕಂತು ಬಂತು. ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂ. ಬಿಡುಗಡೆ ಆಯಿತು. ಇಷ್ಟು ಕಾದು ಖಾತೆಗೆ ಬಂದ ರೊಕ್ಕವನ್ನು ಕೆಲವು ಕಡೆ ಬ್ಯಾಂಕುಗಳು ಹಳೇ ಸಾಲಕ್ಕೆ ಜಮಾ ಮಾಡಿಕೊಂಡವು. ರೈತರು ದನಿ ಎತ್ತಿದ ಮೇಲೆ, 2024ರ ಮೇ ತಿಂಗಳಲ್ಲಿ, ಹಾಗೆ ಮಾಡಬಾರದು ಅಂತ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು.

ನಿಮಗೂ ಹಂಗಾದರೆ ಬಾಯಿಮಾತಿನಲ್ಲಿ ಜಗಳ ಮಾಡಬೇಡ್ರಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಪರಿಹಾರ ಜಮಾ ಆದ ಸಾಲು ಮತ್ತು ಸಾಲಕ್ಕೆ ಮುರಿದ ಸಾಲಿಗೆ ಗೆರೆ ಹಾಕಿ, ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ತಗೊಳ್ರಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಪ್ರತಿ ಗದಗಿನ ಲೀಡ್ ಬ್ಯಾಂಕ್ ಕಚೇರಿಗೆ.

ಬೆಳೆ ವಿಮೆ: ಇದಂತೂ ಪಕ್ಕಾ ಟೆಂಡರ್

ವಿಮೆ ದಾನವಲ್ಲ, ನೀವು ಕಂತು ಕಟ್ಟಿರುತ್ತೀರಿ. ಆದರೂ ಇಲ್ಲಿ ಕರಾರು ಎಲ್ಲಕ್ಕಿಂತ ಸ್ಪಷ್ಟ. 2016ರ ಮುಂಗಾರಿನಿಂದ ಜಾರಿಯಾದ ಫಸಲ್ ಬಿಮಾ ಯೋಜನೆಯಲ್ಲಿ ರಾಜ್ಯ ಸರ್ಕಾರ ಜಿಲ್ಲೆಗಳನ್ನು ಗುಂಪು ಮಾಡಿ ಟೆಂಡರ್ ಕರೆಯುತ್ತದೆ. ಕಡಿಮೆ ಪ್ರೀಮಿಯಂ ಕೂಗಿದ ಕಂಪನಿಗೆ ಆ ಗುಂಪು ಸಿಗುತ್ತದೆ. ಅದಕ್ಕೇ ಗದಗಿಗೆ ಒಂದು ಕಂಪನಿ, ಪಕ್ಕದ ಜಿಲ್ಲೆಗೆ ಇನ್ನೊಂದು ಕಂಪನಿ ಇರಬಹುದು, ಹೋದ ಸಲದ ಕಂಪನಿ ಈ ಸಲ ಇಲ್ಲದೆಯೂ ಇರಬಹುದು. ರೈತನ ಪಾಲು ಮುಂಗಾರಿಗೆ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5 ಪ್ರತಿಶತ. ಉಳಿದದ್ದು ಕೇಂದ್ರ ಮತ್ತು ರಾಜ್ಯದ ಪಾಲು.

ನಿಯಮದಂತೆ ಗೊತ್ತಾದ ಅವಧಿ ಮೀರಿ ಪರಿಹಾರ ತಡಮಾಡಿದರೆ ಕಂಪನಿ ವರ್ಷಕ್ಕೆ 12 ಪ್ರತಿಶತ ಬಡ್ಡಿ ಸೇರಿಸಿ ಕೊಡಬೇಕು. ನಿಮ್ಮ ಕಡೆಯಿಂದಲೂ ಗಡುವು ಇದೆ. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೆ ಕೊಯ್ಲಾದ 14 ದಿನದ ತನಕ ರಕ್ಷಣೆ ಇದೆ, ಆದರೆ ಹಾನಿ ಆದ 72 ಗಂಟೆಯೊಳಗೆ ತಿಳಿಸಬೇಕು. ಎರೆಹೊಲದಲ್ಲಿ ಹೆಸರು ಕಿತ್ತು ಹಾಕಿದಾಗ ಮಳೆ ಹಿಡಿಯೋದು ನಮಗೇನು ಹೊಸದಲ್ಲ. ಅಂಥಾ ಹೊತ್ತಿಗೆ 14447ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ರಿ. ವಿಮೆಯಲ್ಲಿ ಬರೆಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಇರಬೇಕು ಅನ್ನೋದನ್ನ ಮರೆಯಬೇಡ್ರಿ.

ರೊಕ್ಕ ಬರಲಿಲ್ಲ ಅಂದ್ರೆ ಹೀಗೆ ಮಾಡ್ರಿ

• ಮೊದಲು "ಡಿಬಿಟಿ ಕರ್ನಾಟಕ" ಆ್ಯಪ್‌ನಲ್ಲಿ ರಾಜ್ಯದ ಯೋಜನೆಗಳ ಜಮಾ ವಿವರ ನೋಡ್ರಿ. ಯಾವ ಬ್ಯಾಂಕಿಗೆ ಹೋಗಿದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

• ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡ್ರಿ. ಬೇರೆ ಬ್ಯಾಂಕು ತೋರಿಸಿದರೆ, ನಿಮಗೆ ಬೇಕಾದ ಶಾಖೆಯಲ್ಲಿ ಎನ್‌ಪಿಸಿಐ ಜೋಡಣೆ ಅರ್ಜಿ ಕೊಡ್ರಿ.

• ಪಿಎಂ ಕಿಸಾನ್ ಆದರೆ ಇ-ಕೆವೈಸಿ, ಉತಾರ, ಆಧಾರ್ ಹೆಸರು ಹೊಂದುತ್ತವೆಯಾ ನೋಡ್ರಿ. ಮೊಬೈಲ್‌ಗೆ ಬರುವ ಓಟಿಪಿ ಮೂಲಕವೋ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೋ ನೀವೇ ಇ-ಕೆವೈಸಿ ಮಾಡಿಕೊಳ್ಳಬಹುದು. ಸಹಾಯವಾಣಿ 155261.

• ಬೆಳೆ ಪರಿಹಾರ ಆದರೆ ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳ್ರಿ. ಒಂದು ನಂಬರ್ ಬಿಟ್ಟುಹೋದರೆ ಆ ಹೊಲದ ಪರಿಹಾರ ಬರೋದಿಲ್ಲ.

• ಹೆಬ್ಬೆಟ್ಟು ಒತ್ತಿದಿರಿ, ಖಾತೆಯಿಂದ ರೊಕ್ಕ ಹೋಯಿತು, ಕೈಗೆ ಬರಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ 2019ರ ಆದೇಶ ಇದೆ. 5 ದಿನದೊಳಗೆ ವಾಪಸ್ ಜಮಾ ಆಗಬೇಕು. ತಡ ಆದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು. ಚೀಟಿ ಜೋಪಾನ ಮಾಡ್ರಿ.

• ಬ್ಯಾಂಕಿಗೆ ಕೊಟ್ಟ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೀರಿ. ಖರ್ಚಿಲ್ಲ. ಮಾಹಿತಿಗೆ 14448. ರಾಜ್ಯದ ಇಲಾಖೆಗಳ ಮೇಲಿನ ದೂರಿಗೆ 1902.

ಕರಾರಿನ ಪ್ರತಿ ಕೇಳಬಹುದು

ಟೆಂಡರ್, ಒಪ್ಪಂದ ಇವೆಲ್ಲ ದೊಡ್ಡವರ ಕಾಗದ ಅಂತ ಬಿಡಬೇಡ್ರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಕಟ್ಟಿ ಪ್ರತಿ ಕೇಳಬಹುದು. ಬಿಪಿಎಲ್ ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಕೇಳಬೇಕಾದ್ದನ್ನು ಹೀಗೆ ಚಿಕ್ಕದಾಗಿ ಬರೀರಿ:

"ನಮ್ಮ ಹೋಬಳಿಯಲ್ಲಿ ಈ ಯೋಜನೆಯ ಅರ್ಜಿ ಸ್ವೀಕಾರಕ್ಕೆ ನೇಮಿಸಿದ ಸಂಸ್ಥೆಯ ಹೆಸರು, ಕಾರ್ಯಾದೇಶ ಮತ್ತು ಒಪ್ಪಂದದ ದೃಢೀಕೃತ ಪ್ರತಿ, ಪ್ರತಿ ಅರ್ಜಿಗೆ ಸರ್ಕಾರ ನೀಡುವ ದರ ಹಾಗೂ ಫಲಾನುಭವಿಯಿಂದ ಪಡೆಯಬಹುದಾದ ಶುಲ್ಕದ ವಿವರ ಒದಗಿಸಿ."

"ವ್ಯಾಪಾರದ ಗುಟ್ಟು" ಅಂತ 8(1)(ಡಿ) ಕಲಮು ತೋರಿಸಿ ಕೊಡದೆ ಇರಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಅಂತ ಅದೇ ಕಲಮಿನಲ್ಲಿದೆ. ಮೇಲ್ಮನವಿಗೆ 30 ದಿನ ಅವಕಾಶ.

ನಮ್ಮ ಮುಳಗುಂದದಲ್ಲಿ ಕ್ರಿ.ಶ. 902ರ ಸುಮಾರಿಗೆ, ರಾಷ್ಟ್ರಕೂಟರ ಎರಡನೇ ಕೃಷ್ಣನ ಕಾಲದಲ್ಲಿ, ಬಸದಿಗೆ ಹೊಲ ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿ ಇಟ್ಟಿದ್ದಾರೆ. ಯಾರು ಯಾರಿಗೆ ಏನು ಕೊಟ್ಟರು ಅನ್ನೋದು ಊರಿಗೆಲ್ಲ ಕಾಣಬೇಕು ಅನ್ನೋ ಮಾತು ಈ ನೆಲಕ್ಕೆ ಹೊಸದಲ್ಲ. ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ, ಹಾಲಿನ ಡೇರಿ ಮುಂದೆ, ಸೊಸೈಟಿ ಕಟ್ಟಿ ಮ್ಯಾಲೆ ಒಂದು ಹತ್ತು ನಿಮಿಷ ಕುಂತು ಇದನ್ನು ಓದಿ ಹೇಳ್ರಿ. ಮುಖ್ಯವಾಗಿ ಓದಲಿಕ್ಕೆ ಬಾರದ ಹಿರಿಯರಿಗೆ ಈ ಒಂದು ಮಾತು ಮುಟ್ಟಿಸ್ರಿ: ಹೆಬ್ಬೆಟ್ಟು ಒತ್ತಿದ ಮೇಲೆ ಚೀಟಿ ಕೇಳಿ ಇಸ್ಕೊಳ್ರಿ, ಚೀಟಿಯೊಳಗ ಎಷ್ಟು ಅದ ಅಷ್ಟೂ ರೊಕ್ಕ ಎಣಿಸಿಕೊಂಡೇ ಎದ್ದು ಬರ್ರಿ.